ದಂಡ ಐವತ್ತು ರೂಪಾಯಿ, ಶಿಕ್ಷೆ ಇರುವುದು ಬೇರೆ ಕಡೆ

(ಹಾಸನದಲ್ಲಿ ವಕೀಲರು, ಪಶುವೈದ್ಯರು, ಹಾಲಿನ ಸಂಘಗಳ ಕಾರ್ಯದರ್ಶಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮುಖ್ಯವಾದವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2021ರ ಜುಲೈ ಕೊನೆಯಲ್ಲಿ ನಮ್ಮ ಜಿಲ್ಲೆಯ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಬೇಲೂರು ತಾಲ್ಲೂಕಿನ ಚೌಡನಹಳ್ಳಿ ಬಳಿ ರಸ್ತೆ ಬದಿಯಲ್ಲಿ ಗೋಣಿಚೀಲಗಳು ಬಿದ್ದಿದ್ದವು. ಬಿಚ್ಚಿ ನೋಡಿದರೆ ಒಳಗೆ ಮಂಗಗಳು. 38 ಸತ್ತಿದ್ದವು. ಇನ್ನೂ ಉಸಿರಾಡುತ್ತಿದ್ದವಕ್ಕೆ ಊರಿನ ಹುಡುಗರು ನೀರು ಕುಡಿಸಿದರು. ಕೆಲವೇ ದಿನಗಳಲ್ಲಿ ಹೈಕೋರ್ಟ್ ಯಾರ ಅರ್ಜಿಗೂ ಕಾಯದೆ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ಅದು ಆಗಬೇಕಾದದ್ದೇ. ಆದರೆ ನಾನು ಇವತ್ತು ಮಾತಾಡಬೇಕೆಂದಿರುವುದು ರಸ್ತೆಗೆ ಬೀಳದ, ಫೋಟೊ ತೆಗೆಸಿಕೊಳ್ಳದ ಪ್ರಾಣಿಗಳ ಬಗ್ಗೆ. ಕೊಟ್ಟಿಗೆಯ ಕತ್ತಲಲ್ಲಿ, ತೋಟದ ಲೈನ್ ಮನೆಗಳ ಹಿಂದೆ, ಒಂದೊಂದಾಗಿ ಸೊರಗುವವುಗಳ ಬಗ್ಗೆ. ಅವುಗಳಿಗಾಗಿ ಯಾವ ಕೋರ್ಟೂ ತಾನಾಗಿ ಎದ್ದು ಬರುವುದಿಲ್ಲ. ನಾವು ಕರೆದುಕೊಂಡು ಹೋಗಬೇಕು.

ನಾನು ದನದ ಡಾಕ್ಟರ್ ಆಗಿ ಸರ್ವಿಸ್ ಮುಗಿಸಿದವನು. ಹಾಸನ, ಚಿಕ್ಕಮಗಳೂರು ಎರಡೂ ಕಡೆ ಕೆಲಸ ಮಾಡಿದ್ದೇನೆ. ಈ ಸೀಮೆಯಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ಅಂದರೆ ಹೊಡೆತ ಬಡಿತಕ್ಕಿಂತ ಹೆಚ್ಚಾಗಿ ನಿರ್ಲಕ್ಷ್ಯ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು ಗಂಡುಗರು ಹಾಕಿತು ಅಂತಿಟ್ಟುಕೊಳ್ಳಿ. ಅದು ಹಾಲಿಗಿಲ್ಲ, ಉಳುಮೆಗಿಲ್ಲ. ಗಿಣ್ಣು ಕುಡಿಸದೆ, ಮೂಲೆಯಲ್ಲಿ ಕಟ್ಟಿ ಮರೆತರೆ ಕೆಲವೇ ದಿನಗಳಲ್ಲಿ ಬೇಧಿ ಹತ್ತಿ ಸಾಯುತ್ತದೆ. ಕೊಂದವರು ಯಾರೂ ಇಲ್ಲ, ಕರು ಮಾತ್ರ ಇಲ್ಲ. ಹಾಲಿನ ಸಂಘದ ಕಾರ್ಯದರ್ಶಿಗಳು ಇಲ್ಲಿ ಕೂತಿದ್ದೀರಿ, ನಾನು ಹೇಳುತ್ತಿರುವುದು ನಿಮಗೆ ಹೊಸದಲ್ಲ. ಮಲೆನಾಡಿನ ತೋಟಗಳಲ್ಲಿ ಕಾವಲಿಗೆಂದು ತಂದ ನಾಯಿ ಮರಿಯಾಗಿದ್ದಾಗ ಬಿದ್ದ ಸರಪಳಿಯಲ್ಲೇ ಮುದಿಯಾಗುತ್ತದೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಮೈತುಂಬ ಗಂಟೆದ್ದ ದನಗಳನ್ನು ಹಗ್ಗ ಬಿಚ್ಚಿ ರಸ್ತೆಗೆ ಬಿಟ್ಟವರನ್ನು ನೀವೂ ನೋಡಿದ್ದೀರಿ. ಕಾಡುಹಂದಿಗೆಂದು ಇಟ್ಟ ಸಿಡಿಮದ್ದನ್ನು ಮೇಯಲು ಹೋದ ಹಸು ಕಚ್ಚಿದರೆ ದವಡೆಯೇ ಹಾರಿಹೋಗುತ್ತದೆ. ಆ ಬಾಯಲ್ಲಿ ಅದು ನೀರನ್ನೂ ಕುಡಿಯಲಾರದು. ಅಂಥ ಹಸುವಿನ ಮುಂದೆ ನಿಂತ ಪಶುವೈದ್ಯನಿಗೆ ಉಳಿಯುವ ದಾರಿ ಸಾಮಾನ್ಯವಾಗಿ ಒಂದೇ.

ಈಗ ಕಾನೂನಿಗೆ ಬರೋಣ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ನಮ್ಮ ಕೈಯಲ್ಲಿರುವ ಮೂಲ ಕಾನೂನು. ನೃತ್ಯಗಾರ್ತಿ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯ ಸದಸ್ಯೆಯಾಗಿ ಖಾಸಗಿ ಮಸೂದೆ ತಂದು ಹಟ ಹಿಡಿದದ್ದರ ಫಲ ಅದು. ಅದರ ಸೆಕ್ಷನ್ 11 ಒಮ್ಮೆ ಓದಿ ನೋಡಿ. ಹೊಡೆಯುವುದು, ಅತಿಭಾರ ಹೇರುವುದು, ಹುಣ್ಣಾದ ಎತ್ತನ್ನು ನೊಗಕ್ಕೆ ಹೂಡುವುದು ಇವೆಲ್ಲ ಇವೆ. ಇಷ್ಟನ್ನು ಎಲ್ಲರೂ ಊಹಿಸುತ್ತಾರೆ. ಅದೇ ಸೆಕ್ಷನ್ನಿನಲ್ಲಿ, ಮಾಲೀಕನಾಗಿದ್ದೂ ಸಾಕಷ್ಟು ಮೇವು, ನೀರು, ನೆರಳು ಕೊಡದಿರುವುದು ಅಪರಾಧ. ತುಂಡು ಸರಪಳಿಯಲ್ಲಿ ಮಿತಿಮೀರಿದ ಹೊತ್ತು ಕಟ್ಟಿಹಾಕುವುದು ಅಪರಾಧ. ಸದಾ ಕಟ್ಟಿಟ್ಟ ನಾಯಿಯನ್ನು ಓಡಾಡಿಸದಿರುವುದು, ಹಸಿವಿನಿಂದ ನರಳಬಹುದೆಂದು ಗೊತ್ತಿದ್ದೂ ಪ್ರಾಣಿಯನ್ನು ಬಿಟ್ಟುಹೋಗುವುದು, ಅಂಟುರೋಗದ ಪ್ರಾಣಿಯನ್ನು ಬೀದಿಗೆ ಬಿಡುವುದು ಎಲ್ಲವೂ ಅಪರಾಧ. ನಾನು ಆಗ ಹೇಳಿದ ಕರು, ನಾಯಿ, ಚರ್ಮಗಂಟಿನ ದನ ಮೂರೂ ಇದರೊಳಗೆ ಬಂದವು. ‘ನನ್ನ ಹಸು, ನನ್ನಿಷ್ಟ’ ಅನ್ನುವ ಮಾತಿಗೆ ಈ ದೇಶದ ಕಾನೂನಿನಲ್ಲಿ ಜಾಗ ಇಲ್ಲ.

ಹಾಗಿದ್ದರೆ ಶಿಕ್ಷೆ ಏನು? ಮೊದಲ ಸಲಕ್ಕೆ ಹತ್ತು ರೂಪಾಯಿಗೆ ಕಡಿಮೆಯಿಲ್ಲದ, ಐವತ್ತು ರೂಪಾಯಿ ಮೀರದ ದಂಡ. ಮೂರು ವರ್ಷದೊಳಗೆ ಮತ್ತೆ ಅದೇ ಅಪರಾಧ ಮಾಡಿದರೆ ಇಪ್ಪತ್ತೈದರಿಂದ ನೂರು ರೂಪಾಯಿ ದಂಡ, ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ದಶಕಗಳಿಂದ ಇದೇ ಮೊತ್ತ. ಐವತ್ತು ರೂಪಾಯಿ ಇವತ್ತು ಒಂದು ಲೀಟರ್ ಹಾಲಿನ ಬೆಲೆಯ ಆಸುಪಾಸು. ಕರ್ನಾಟಕದ 2020ರ ಕಾಯ್ದೆಯಂತೆ ಹಸುವನ್ನು ಕಡಿದರೆ ಮೂರರಿಂದ ಏಳು ವರ್ಷ ಜೈಲು, ಐವತ್ತು ಸಾವಿರದಿಂದ ಐದು ಲಕ್ಷ ದಂಡ. ಅದೇ ಹಸುವನ್ನು ಕೊಟ್ಟಿಗೆಯಲ್ಲಿ ಕಟ್ಟಿ ಉಪವಾಸ ಕೆಡವಿ ಸಾಯಿಸಿದರೆ ಐವತ್ತು ರೂಪಾಯಿ. ಆ ಕಾಯ್ದೆಯ ಸರಿತಪ್ಪಿನ ಚರ್ಚೆ ಇಲ್ಲಿ ಬೇಡ. ಎರಡು ಮೊತ್ತಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಅಷ್ಟು ಸಾಕು.

2014ರ ಮೇ 7ರಂದು ಜಲ್ಲಿಕಟ್ಟು ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಈ ಶಿಕ್ಷೆ ಯಾರನ್ನೂ ತಡೆಯುವಂಥದ್ದಲ್ಲ, ಸಂಸತ್ತು ತಿದ್ದುಪಡಿ ತರಬೇಕು ಎಂದಿತು. 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕರಡು ಮಸೂದೆಯನ್ನೂ ಪ್ರಕಟಿಸಿತು. ಘೋರ ಕ್ರೌರ್ಯಕ್ಕೆ ಮೂರು ವರ್ಷ, ಕೊಂದರೆ ಐದು ವರ್ಷದವರೆಗೆ ಜೈಲು ಎಂಬ ಪ್ರಸ್ತಾಪ ಅದರಲ್ಲಿತ್ತು. ಅದು ಬರಲಿ, ಬೇಗ ಬರಲಿ. ಆದರೆ ಅದು ಬರುವ ತನಕ ಏನೂ ಆಗುವುದಿಲ್ಲ ಎಂದು ಕೈಕಟ್ಟಿ ಕೂರುವುದಿದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಸ್ಟೇಷನ್ನಿನಲ್ಲಿ ಹೀಗನ್ನುತ್ತಾರೆ, ಆಸ್ಪತ್ರೆಯಲ್ಲಿ ಹೀಗನ್ನುತ್ತಾರೆ, ವಕೀಲರೂ ಹೀಗೇ ಅನ್ನುತ್ತಾರೆ: ‘ಐವತ್ತು ರೂಪಾಯಿ ಕಟ್ಟಿ ಹೋಗ್ತಾನೆ ಬಿಡಿ ಸಾರ್.’ ನಾನು ಇಲ್ಲಿಗೆ ಬಂದಿರುವುದೇ ಈ ಮಾತಿಗೆ ಉತ್ತರ ಕೊಡಲು.

ಕಾಯ್ದೆಯ ಪುಟ ಇನ್ನಷ್ಟು ತಿರುವಿ ಸೆಕ್ಷನ್ 29ಕ್ಕೆ ಬನ್ನಿ. ಮಾಲೀಕ ತಪ್ಪಿತಸ್ಥ ಎಂದು ತೀರ್ಮಾನವಾದರೆ, ದಂಡದ ಜೊತೆಗೆ ಆ ಪ್ರಾಣಿಯನ್ನೇ ಸರ್ಕಾರಕ್ಕೆ ಮುಟ್ಟುಗೋಲು ಹಾಕಿಕೊಳ್ಳುವ ಆದೇಶವನ್ನು ಮ್ಯಾಜಿಸ್ಟ್ರೇಟರು ಮಾಡಬಹುದು. ಪ್ರಾಣಿ ಅವನ ಬಳಿಯೇ ಉಳಿದರೆ ಮತ್ತೆ ಹಿಂಸೆಗೆ ಗುರಿಯಾಗುತ್ತದೆ ಎಂಬುದಕ್ಕೆ ಸಾಕ್ಷ್ಯ ಇರಬೇಕು, ಅಷ್ಟೇ. ಶಿಕ್ಷೆ ಇರುವುದು ಇಲ್ಲಿ. ದಿನಕ್ಕೆ ಹತ್ತು ಹನ್ನೆರಡು ಲೀಟರ್ ಕರೆಯುವ ಹಸುವಿನ ಬೆಲೆ ಎಷ್ಟು ಎಂದು ಈ ಸಭೆಗೆ ನಾನು ಹೇಳಬೇಕಾಗಿಲ್ಲ. ಬರಡು ಹಸುವೇ ಇರಲಿ, ಅದರ ಮಟ್ಟಿಗೆ ಬಿಡುಗಡೆ ಬಿಡುಗಡೆಯೇ. ಐವತ್ತು ರೂಪಾಯಿ ಮಾಲೀಕನ ಜೇಬಿಗೆ ಸಂಬಂಧಿಸಿದ್ದು. ಮುಟ್ಟುಗೋಲು ಹಸುವಿನ ಪ್ರಾಣಕ್ಕೆ ಸಂಬಂಧಿಸಿದ್ದು. ಆದರೆ ತಪ್ಪಿತಸ್ಥ ಎಂಬ ತೀರ್ಪು ಇಲ್ಲದೆ ಈ ಬಾಗಿಲು ತೆರೆಯುವುದಿಲ್ಲ. ಅದಕ್ಕೇ ನಾನು ತೀರ್ಪು ಬೇಕು ಅನ್ನುವುದು, ದಂಡಕ್ಕಾಗಿ ಅಲ್ಲ.

ಇದೇ ಸೆಕ್ಷನ್ನಿನಲ್ಲಿ ಇನ್ನೊಂದು ಅಧಿಕಾರವೂ ಇದೆ. ಇಷ್ಟು ಕಾಲ, ಅಥವಾ ಇನ್ನೆಂದೂ, ಪ್ರಾಣಿ ಸಾಕಬಾರದು ಎಂದು ತಪ್ಪಿತಸ್ಥನನ್ನು ನಿರ್ಬಂಧಿಸಬಹುದು. ವಕೀಲ ಮಿತ್ರರು ಇದನ್ನು ಗಮನವಿಟ್ಟು ಓದಬೇಕು. ಅಂಥ ಆದೇಶ ಕೇಳುವ ಉದ್ದೇಶವಿದೆ ಎಂದು ಮೂಲ ದೂರಿನಲ್ಲೇ ಬರೆದಿರಬೇಕು. ಬರೆಯದಿದ್ದರೆ ಕೊನೆಗೆ ಎಷ್ಟು ವಾದ ಮಾಡಿದರೂ ಸಿಗದು. ಜೊತೆಗೆ, ಆ ಪ್ರಾಣಿ ಸಾಕಲು ಲೈಸೆನ್ಸ್ ಬೇಕಾದ ಪ್ರದೇಶದಲ್ಲಿ ಅಪರಾಧ ನಡೆದಿದ್ದರೆ ಮಾತ್ರ ಈ ನಿರ್ಬಂಧ ಅನ್ವಯಿಸುತ್ತದೆ. ಅಂದರೆ ಲೈಸೆನ್ಸ್ ನಿಯಮವಿರುವ ಊರುಗಳಲ್ಲಿ ಪ್ರಯತ್ನಿಸಬಹುದು, ಹಳ್ಳಿಯ ಕೊಟ್ಟಿಗೆಗೆ ಇದು ತಲುಪುವುದಿಲ್ಲ. ಈ ಷರತ್ತು ಅನ್ಯಾಯದ್ದು ಎಂದು ನನ್ನ ಅಭಿಪ್ರಾಯ. ಹಳ್ಳಿಯ ನಾಯಿಯ ಕತ್ತು ಪೇಟೆಯ ನಾಯಿಯ ಕತ್ತಿಗಿಂತ ಗಟ್ಟಿಯೇನಲ್ಲ. ಬ್ರಿಟನ್ನಿನಲ್ಲಿ 2006ರ ಕಾಯ್ದೆಯಡಿ ಪ್ರಾಣಿ ಸಾಕದಂತೆ ನಿರ್ಬಂಧಿಸುವುದು ಕೋರ್ಟುಗಳ ದಿನನಿತ್ಯದ ಆದೇಶ, ಇಂಥ ಪ್ರದೇಶದ ಷರತ್ತು ಅಲ್ಲಿಲ್ಲ. ಪ್ರಾಣಿ ನರಳುವ ಮೊದಲೇ ‘ಇಷ್ಟು ದಿನದೊಳಗೆ ಸರಿಪಡಿಸು’ ಎಂದು ನೋಟಿಸ್ ಕೊಡುವ ವ್ಯವಸ್ಥೆಯೂ ಅಲ್ಲಿದೆ. ನಮ್ಮ ತಿದ್ದುಪಡಿ ಬರುವಾಗ ಜೈಲಿನ ವರ್ಷಗಳನ್ನು ಹೆಚ್ಚಿಸುವುದಕ್ಕಿಂತ ಈ ಎರಡು ಬಂದರೆ ನನಗೆ ಹೆಚ್ಚು ಸಮಾಧಾನ.

ತೀರ್ಪಿನ ತನಕ ಹೋಗುವ ದಾರಿಯಲ್ಲಿ ಕೇಸುಗಳು ಬೀಳುವುದೆಲ್ಲಿ? ಮೊದಲನೆಯ ಎಡವುಗಲ್ಲು ಪೊಲೀಸ್ ಸ್ಟೇಷನ್ನಿನ ಹೊಸ್ತಿಲಲ್ಲೇ ಇದೆ. ಉಪವಾಸ ಕೆಡವಿದ್ದು, ಕಟ್ಟಿಹಾಕಿದ್ದು, ಬಿಟ್ಟುಹೋದದ್ದು ಇವು ಅಸಂಜ್ಞೇಯ ಅಪರಾಧಗಳು. ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ವಿಷದ ಇಂಜೆಕ್ಷನ್ ಮುಂತಾದ ಕ್ರೂರ ರೀತಿಯಲ್ಲಿ ಕೊಲ್ಲುವುದು, ಅಂಗಭಂಗ ಮಾಡುವುದು, ಕಾದಾಟದ ಕಣ ನಡೆಸುವುದು ಇಂಥ ಕೆಲವಕ್ಕೆ ಮಾತ್ರ ನೇರ ಎಫ್‌ಐಆರ್. ಹಾಗಾಗಿ ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಬರೆದು ಹಿಂಬರಹ ಕೊಟ್ಟು ಕಳಿಸಿದರೆ ಪೊಲೀಸರನ್ನು ಬೈಯುತ್ತ ಮನೆಗೆ ಹೋಗಬೇಡಿ. ಆ ಹಿಂಬರಹ ಹಿಡಿದು ಮ್ಯಾಜಿಸ್ಟ್ರೇಟರ ಬಳಿ ಹೋಗಿ, ತನಿಖೆಗೆ ಆದೇಶ ಕೇಳಿ. ಖಾಸಗಿ ದೂರನ್ನೂ ಕೊಡಬಹುದು. ಪ್ರಾಣಿ ನಿಮ್ಮದೇ ಆಗಿರಬೇಕೆಂದೇನೂ ಇಲ್ಲ, ಕಂಡವರು ಯಾರಾದರೂ ಕೊಡಬಹುದು. ಸಿಡಿಮದ್ದು, ವಿಷ, ಕತ್ತಿಯೇಟು ಇದ್ದ ಕಡೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 325 ಬರುತ್ತದೆ. ಅದಕ್ಕೆ ಐದು ವರ್ಷದವರೆಗೆ ಜೈಲು, ನೇರ ಎಫ್‌ಐಆರ್. ಅದರ ಜೊತೆಗೆ ಸೆಕ್ಷನ್ 11 ಸೇರಿಸಿದರೆ ಇಡೀ ಪ್ರಕರಣ ಸಂಜ್ಞೇಯವಾಗುತ್ತದೆ. ಆದರೆ 325 ಇರುವುದು ಸ್ವತ್ತಿನ ಮೇಲಿನ ಅಪರಾಧಗಳ ಅಧ್ಯಾಯದಲ್ಲಿ. ಅದು ನೋಡುವುದು ಇನ್ನೊಬ್ಬರಿಗಾದ ನಷ್ಟವನ್ನು. ತನ್ನದೇ ಹಸುವನ್ನು ಹಸಿವಿನಿಂದ ಕೊಂದವನನ್ನು ಅದರಡಿ ಹಿಡಿಯುವುದು ಕಷ್ಟ. ಆ ಹಸುವಿಗೆ ಇರುವುದು 11 ಒಂದೇ.

ಎರಡನೆಯದು ಕಾಲಮಿತಿ. ಅಪರಾಧ ನಡೆದ ಮೂರು ತಿಂಗಳೊಳಗೆ ಪ್ರಕರಣ ಕೋರ್ಟಿಗೆ ಹೋಗಿರಬೇಕು. ಮೀರಿದರೆ ಮುಗಿಯಿತು. ಊರಿನ ಹಿರಿಯರು ಕೂತು ರಾಜಿ ಮಾಡಿಸುತ್ತೇವೆ, ಹಬ್ಬ ಕಳೆಯಲಿ, ಕೊಯ್ಲು ಮುಗಿಯಲಿ ಅನ್ನುತ್ತ ಈ ಮೂರು ತಿಂಗಳು ಹೋಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಈ ಕಾಯ್ದೆಯಡಿ ರಾಜಿಗೆ ಅವಕಾಶವೂ ಇಲ್ಲ. ಇಲ್ಲಿ ನೊಂದದ್ದು ಹಸು, ಅದರ ಪರವಾಗಿ ರಾಜಿಗೆ ಒಪ್ಪಲು ಯಾರಿಗೆ ಹಕ್ಕಿದೆ?

ಮೂರನೆಯದು ನಮ್ಮದು, ಪಶುವೈದ್ಯರದು. ಹಾಸನದ ಪಶುವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಹಿಂದೆ ಕೂತಿದ್ದಾರೆ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಇದನ್ನು ಬರೆದುಕೊಳ್ಳಿ.

‘ಪ್ರಾಣಿ ಬಡಕಲಾಗಿದೆ, ನಿರ್ಲಕ್ಷ್ಯ ಕಂಡುಬಂದಿದೆ’ ಎಂಬ ಒಂದು ಸಾಲಿನ ಸರ್ಟಿಫಿಕೇಟಿನಿಂದ ಯಾರಿಗೂ ಶಿಕ್ಷೆಯಾಗುವುದಿಲ್ಲ. ಎದುರು ವಕೀಲರು ಎದ್ದು ನಿಂತು ಕೇಳುವುದು ಒಂದೇ ಪ್ರಶ್ನೆ: ‘ಡಾಕ್ಟ್ರೇ, ರೋಗದಿಂದಲೂ ದನ ಬಡಕಲಾಗಬಹುದಲ್ಲವೇ?’ ಆಗಬಹುದು. ಜಂತುಹುಳು ಇರಬಹುದು, ಜೋನ್ಸ್ ರೋಗ ಇರಬಹುದು, ತಂತಿ ನುಂಗಿರಬಹುದು. ‘ಹೌದು’ ಎಂದ ಮರುಗಳಿಗೆ ಕೇಸು ಬಿತ್ತು. ಆದ್ದರಿಂದ ಆ ಪ್ರಶ್ನೆಗೆ ಉತ್ತರವನ್ನು ಕೊಟ್ಟಿಗೆಯಲ್ಲೇ, ಮೊದಲ ದಿನವೇ ಬರೆದಿಡಬೇಕು. ಸಗಣಿ ಪರೀಕ್ಷೆ ಮಾಡಿಸಿ, ಫಲಿತಾಂಶ ಲಗತ್ತಿಸಿ. ಒಂದರಿಂದ ಐದರ ಅಳತೆಯಲ್ಲಿ ಮೈಕಟ್ಟಿನ ಅಂಕ ಬರೆಯಿರಿ. ಚರ್ಮ ಎಳೆದು ಬಿಟ್ಟರೆ ಎಷ್ಟು ಸೆಕೆಂಡಿಗೆ ಮರಳಿತು, ಕಣ್ಣು ಎಷ್ಟು ಗುಳಿಬಿದ್ದಿದೆ ಬರೆಯಿರಿ. ಬಕೆಟ್ಟಿನಲ್ಲಿ ನೀರಿಟ್ಟು, ಒಂದೇ ಉಸಿರಿಗೆ ಎಷ್ಟು ಲೀಟರ್ ಕುಡಿಯಿತು ಎಂದು ಪಂಚರ ಎದುರು ದಾಖಲಿಸಿ. ಗೋದಲಿಯಲ್ಲಿ ಏನಿತ್ತು, ನೀರಿನ ತೊಟ್ಟಿಯಲ್ಲಿ ಪಾಚಿ ಒಣಗಿತ್ತೇ, ಫೋಟೊ ತೆಗೆಯಿರಿ.

ಕಾಲ ಎಷ್ಟಾಯಿತು ಎಂಬುದನ್ನು ದೇಹವೇ ಹೇಳುತ್ತದೆ. ಗೊರಸು ಬೆಳೆದು ಮೇಲಕ್ಕೆ ಬಾಗಿದ್ದರೆ ಅದು ತಿಂಗಳುಗಳ ಮಾತು. ಸೊಂಟದ ಮೂಳೆಯ ಮೇಲೆ ಒತ್ತುಹುಣ್ಣಿದ್ದರೆ ಬಿದ್ದಲ್ಲಿಂದ ಎಬ್ಬಿಸಿಲ್ಲ, ಮಗ್ಗುಲು ಬದಲಿಸಿಲ್ಲ ಎಂದರ್ಥ. ಕರುವಾಗಿದ್ದಾಗ ಕಟ್ಟಿದ ಕೊರಳಹಗ್ಗವನ್ನು ಸಡಿಲಿಸದಿದ್ದರೆ ಅದು ಚರ್ಮ ಸೀಳಿ ಮಾಂಸದೊಳಕ್ಕೆ ಇಳಿಯುತ್ತದೆ. ಅದರ ಮೇಲೆ ಹೊಸ ಮಾಂಸ ಬೆಳೆದಿದ್ದರೆ ವಾರಗಳಿಂದ ಯಾರೂ ಆ ಕೊರಳನ್ನು ಮುಟ್ಟಿಲ್ಲ. ಹಗ್ಗ ಬಿಡಿಸಿದ ಮೇಲೆ ಎಸೆಯಬೇಡಿ, ಸೀಲ್ ಮಾಡಿ ಪೊಲೀಸರಿಗೆ ಕೊಡಿ. ಪ್ರಾಣಿ ಸತ್ತಿದ್ದರೆ ಮರಣೋತ್ತರ ಪರೀಕ್ಷೆಯಲ್ಲಿ ತೊಡೆಮೂಳೆ ಒಡೆದು ನೋಡಿ. ಮೈಯ ಕೊಬ್ಬೆಲ್ಲ ಕರಗಿದ ಮೇಲೆ ಕೊನೆಯಲ್ಲಿ ಕರಗುವುದು ಮಜ್ಜೆಯ ಕೊಬ್ಬು. ಅದು ಲೋಳೆಯಂತೆ ನೀರಾಗಿದ್ದರೆ ಆ ಪ್ರಾಣಿ ಬಹುಕಾಲ ಹಸಿದಿತ್ತು.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಪ್ರಾಣಿ ಬದುಕಿ ಚೇತರಿಸಿಕೊಳ್ಳುವುದು. ವಶಕ್ಕೆ ಪಡೆದ ದಿನ ಎದೆಸುತ್ತಳತೆ ಹಿಡಿದು ತೂಕ ಬರೆಯಿರಿ. ಹದಿನೈದನೇ ದಿನ ಮತ್ತೆ, ಮೂವತ್ತನೇ ದಿನ ಮತ್ತೆ. ಬರಿಯ ಮೇವು ನೀರಿಗೇ ಮೈ ತುಂಬಿಕೊಂಡಿತೆಂದರೆ ಅದಕ್ಕೆ ರೋಗ ಇರಲಿಲ್ಲ, ಊಟ ಇರಲಿಲ್ಲ. ಇದಕ್ಕೆ ಎದುರು ವಕೀಲರ ಬಳಿ ಪ್ರಶ್ನೆ ಉಳಿಯುವುದಿಲ್ಲ. ಒಂದು ಎಚ್ಚರಿಕೆ: ಕರುಣೆ ಉಕ್ಕಿ ಮೊದಲ ದಿನವೇ ಬಕೆಟ್ ತುಂಬ ಹಿಂಡಿ, ಅಕ್ಕಿ ಗಂಜಿ ಇಡಬೇಡಿ. ಹಸಿದ ಹೊಟ್ಟೆಗೆ ಧಾನ್ಯ ಬಿದ್ದರೆ ಆಮ್ಲ ಏರಿ ಹಸು ನಿಮ್ಮ ಕೈಯಲ್ಲೇ ಸಾಯುತ್ತದೆ. ಒಣಹುಲ್ಲು, ನೀರು, ಸ್ವಲ್ಪ ಸ್ವಲ್ಪವಾಗಿ.

ಕೇಸು ನಡೆಯುವಾಗ ಪ್ರಾಣಿ ಎಲ್ಲಿರಬೇಕು ಎಂಬುದೂ ಮುಖ್ಯ. ಹಗ್ಗ ಮಾಂಸದೊಳಗೆ ಇಳಿದಿದ್ದ ಒಂದು ಹಸುವಿನ ಪ್ರಕರಣದಲ್ಲಿ, ಊರು ಬೇಡ, ಹೆಸರು ಬೇಡ, ಮಾಲೀಕ ಮೊದಲ ದಿನವೇ ತಪ್ಪೊಪ್ಪಿಕೊಂಡು ದಂಡ ಕಟ್ಟಿದ. ಮುಟ್ಟುಗೋಲು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹಸು ಅದೇ ಕೊಟ್ಟಿಗೆಗೆ ವಾಪಸಾಯಿತು. ನಾನು ಬರೆದ ಸರ್ಟಿಫಿಕೇಟು ಫೈಲಿನಲ್ಲೇ ಉಳಿಯಿತು. ಈಗ ಹಾಗಾಗಬೇಕಾಗಿಲ್ಲ. ಕೇಸಿನ ಪ್ರಾಣಿಗಳ ಪಾಲನೆಗೆಂದೇ 2017ರ ನಿಯಮಗಳಿವೆ. ಪ್ರಕರಣ ಮುಗಿಯುವ ತನಕ ಪ್ರಾಣಿಯನ್ನು ಗೋಶಾಲೆಯಲ್ಲೋ ಪ್ರಾಣಿದಯಾ ಸಂಘದ ಸುಪರ್ದಿಯಲ್ಲೋ ಇಡಲು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಖರ್ಚಿಗೆ ಮಾಲೀಕನಿಂದ ಬಾಂಡ್ ಬರೆಸಿಕೊಳ್ಳಬಹುದು. ಅರ್ಜಿ ಹಾಕಬೇಕು, ಮೊದಲ ದಿನವೇ ಹಾಕಬೇಕು. 2001ರ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಗೂ ಪ್ರಾಣಿದಯಾ ಸಂಘ ಇರಲೇಬೇಕು. ಅದು ಹೆಸರಿಗಷ್ಟೇ ಇರದೆ ನಾಲ್ಕು ದನ ಕಟ್ಟುವ ಜಾಗ, ಒಂದು ವಾಹನ, ಮೇವಿನ ದಾಸ್ತಾನು ಇಟ್ಟುಕೊಂಡು ನಡೆಯಬೇಕೆಂದು ಜಿಲ್ಲಾಡಳಿತವನ್ನು ಕೇಳುವುದು ಈ ಸಭೆಯ ಕೆಲಸ.

ಇನ್ನು ಪ್ರಶ್ನೆಗಳು.

ಚನ್ನರಾಯಪಟ್ಟಣ ಕಡೆಯ ರೈತರೊಬ್ಬರು ಬೂಕನಬೆಟ್ಟದ ಜಾತ್ರೆಯ ಎತ್ತುಗಳ ಬಗ್ಗೆ, ಗಾಡಿ ಓಟದ ಬಗ್ಗೆ ಕೇಳಿದರು. ಅದೂ ಇನ್ನು ಅಪರಾಧವೇ ಎಂದು ಅವರ ಆತಂಕ. ಅಲ್ಲ. ಕರ್ನಾಟಕ 2017ರಲ್ಲಿ ಕಂಬಳ, ಎತ್ತಿನ ಗಾಡಿ ಓಟಕ್ಕಾಗಿ ಕಾಯ್ದೆಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿದಿದೆ. ಓಟಕ್ಕೆ ಅನುಮತಿ ಸಿಕ್ಕಿದೆ, ಬಾಲ ಕಚ್ಚುವುದಕ್ಕೆ, ಮೊಳೆ ಹೊಡೆದ ಕೋಲಿನಿಂದ ಚುಚ್ಚುವುದಕ್ಕೆ ಸಿಕ್ಕಿಲ್ಲ. ಗಾಡಿ ಎಳೆಯುವ ಎತ್ತಿಗೂ 1965ರ ನಿಯಮಗಳಿವೆ: ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, ಐದು ಗಂಟೆಗಿಂತ ಹೆಚ್ಚು ಒಂದೇ ಸಮ ದುಡಿಸಬಾರದು, 37 ಡಿಗ್ರಿ ಮೀರುವ ಸೀಮೆಯಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹೂಡಬಾರದು. ಹಳ್ಳಿಕಾರ್ ಜೋಡಿಯನ್ನು ಮಕ್ಕಳಂತೆ ಸಾಕುವ ಮನೆಗಳಿಗೆ ಇದು ಹೊರೆಯಲ್ಲ, ಅವರು ಇದಕ್ಕಿಂತ ಹೆಚ್ಚೇ ಮಾಡುತ್ತಾರೆ.

ಅರಸೀಕೆರೆಯಿಂದ ಬಂದಿದ್ದ ಹೆಣ್ಣುಮಗಳು ಎದ್ದು ನಿಂತು ಕೇಳಿದ್ದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ‘ಬರ ಬಂದಾಗ ನಮಗೇ ಊಟ ಇರಲ್ಲ, ದನಕ್ಕೆ ಎಲ್ಲಿಂದ ತರೋದು? ನಮ್ಮ ಮೇಲೂ ಕೇಸು ಹಾಕ್ತೀರಾ?’ ತಾಯಿ, ನಿಮ್ಮ ಮೇಲೆ ಕೇಸು ಹಾಕಿಸಲು ನಾನು ಬಂದಿಲ್ಲ. ಗೋಮಾಳಗಳು ಹೋದವು, ಅಮೃತಮಹಲ್ ತಳಿಯ ದನಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲುಗಳಾದ ಅಮೃತಮಹಲ್ ಕಾವಲುಗಳೂ ಕರಗುತ್ತ ಬಂದವು. ಮೇಯುವ ನೆಲವನ್ನು ಕಿತ್ತುಕೊಂಡ ಮೇಲೆ ದನದ ಪಕ್ಕೆಲುಬು ಎಣಿಸಿ ಬಡವರನ್ನು ಕಟಕಟೆಗೆ ಹತ್ತಿಸುವುದು ನ್ಯಾಯವಲ್ಲ. ಮೇವು ಇಲ್ಲದವರು ಬೇರೆ, ಇದ್ದೂ ಹಾಕದವರು ಬೇರೆ. ವ್ಯತ್ಯಾಸ ಕೊಟ್ಟಿಗೆಯಲ್ಲೇ ಕಾಣುತ್ತದೆ: ಕರೆಯುವ ಹಸುವಿನ ಮುಂದೆ ಜೋಳದ ಕಡ್ಡಿ, ಪಕ್ಕದಲ್ಲೇ ಕಟ್ಟಿದ ಗಂಡುಗರುವಿನ ಮುಂದೆ ಬರಿ ನೆಲ. ಇದನ್ನೂ ಪಂಚನಾಮೆಯಲ್ಲಿ ಬರೆಯಬೇಕು. ಕೈಲಾಗದ ದಿನ ಹಗ್ಗ ಬಿಚ್ಚಿ ರಸ್ತೆಗೆ ಬಿಡಬೇಡಿ. ಪಶು ಆಸ್ಪತ್ರೆಗೆ ಬಂದು ನನ್ನಿಂದ ಆಗುತ್ತಿಲ್ಲ ಎಂದು ಹೇಳಿ, ಗೋಶಾಲೆಗೆ ಕಳಿಸಲು ಅರ್ಜಿ ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. ಆ ಚೀಟಿ ಕೈಯಲ್ಲಿದ್ದರೆ ನೀವು ಹಸುವನ್ನು ಬಿಟ್ಟುಹೋದವರಲ್ಲ ಎನ್ನಲು ಅದೇ ಪುರಾವೆ. ಹಾಲಿನ ಸಂಘದವರಿಗೆ ಒಂದು ಮಾತು: ಹೆಣ್ಣುಗರು ಹುಟ್ಟುವ ಸಾಧ್ಯತೆ ಹೆಚ್ಚಿರುವ ಲಿಂಗ ನಿರ್ಧರಿತ ವೀರ್ಯದ ಕಡ್ಡಿ (ಕೃತಕ ಗರ್ಭಧಾರಣೆಗೆ ಬಳಸುವ ವೀರ್ಯದ ನಳಿಕೆ) ಈಗ ಸಿಗುತ್ತದೆ. ನಿಮ್ಮ ಸದಸ್ಯರಿಗೆ ಅದನ್ನು ತಲುಪಿಸಿ. ನನ್ನ ಕಾಲದಲ್ಲಿ ನಮಗೆ ಇಲ್ಲದಿದ್ದ ಉಪಾಯ ಅದು.

ಕೊನೆಯದಾಗಿ ಯುವ ವಕೀಲರೊಬ್ಬರು ಕೇಳಿದರು: ‘ಎರಡನೇ ಸಲದ ಅಪರಾಧಕ್ಕೆ ಜೈಲು ಇದೆ ಅಂತೀರಿ. ಮೊದಲನೇ ಸಲ ಆಗಿತ್ತು ಅಂತ ತೋರಿಸೋದು ಹೇಗೆ?’ ಸರಿಯಾದ ಪ್ರಶ್ನೆ. ಸಣ್ಣ ದಂಡದ ಕೇಸುಗಳ ನೆನಪು ಯಾರಿಗೂ ಉಳಿಯುವುದಿಲ್ಲ. ಅದಕ್ಕಾಗಿ ಮೊದಲ ತೀರ್ಪಿನ ದೃಢೀಕೃತ ಪ್ರತಿಯನ್ನು ಆವತ್ತೇ ತೆಗೆದು ಒಂದನ್ನು ಸ್ಟೇಷನ್ನಿಗೆ, ಒಂದನ್ನು ತಾಲ್ಲೂಕು ಪಶು ಆಸ್ಪತ್ರೆಗೆ, ಒಂದನ್ನು ಜಿಲ್ಲಾ ಪ್ರಾಣಿದಯಾ ಸಂಘಕ್ಕೆ ಕೊಟ್ಟು ಮುದ್ರೆ ಹಾಕಿಸಿಕೊಳ್ಳಿ. ಐವತ್ತು ರೂಪಾಯಿಯ ತೀರ್ಪೇ ಆದರೂ ಸರಿ. ಅದೇ ಮನುಷ್ಯ ಮೂರು ವರ್ಷದೊಳಗೆ ಮತ್ತೆ ಬಂದರೆ, ಜೈಲು ಕೇಳಲಿಕ್ಕೂ ಸೆಕ್ಷನ್ 29ರಡಿ ಮುಟ್ಟುಗೋಲು ಕೇಳಲಿಕ್ಕೂ ಬೇಕಾಗುವುದು ಆ ಪ್ರತಿಯೇ.